ಲುಸೀಯಾಳ ಕಾರು ಊರಿಗೆ ಬಂದದ್ದು

“ಈ ಕಾರನ್ನ ಇವತ್ತು ಊರಿಗೆ ತರಬೇಡ,” ಎಂದರು ದೊಡ್ಡಪ್ಪ ತೋಫಿಗ. “ನೀನು ಬಸ್ಸಲ್ಲಿ ಬಾ. ಮೊದಲು ಫೇತು ಕಾಲು ಹಿಡಿ. ಆಮೇಲೆ ಕಾರಿನ ಮಾತು.”

ಕಲೆಪೊ ನಕ್ಕುಬಿಟ್ಟ. “ಅಕ್ಕನ ಮಗಳು, ನನ್ನ ಅರ್ಧ ವಯಸ್ಸು. ಅವಳ ಕಾಲು ಹಿಡೀಲಾ? ಯಾಕೆ, ಕಾರಿನ ಪರ್ಮಿಟ್ಟು ಅವಳು ಕೊಡ್ತಾಳಾ?”

ದ್ವೀಪದ ಅಪಿಯಾ ಬಂದರಿನ ಕಾಂಕ್ರೀಟು ಅಂಗಳ ಬಿಸಿಲಿಗೆ ಕಾದ ಕಾವಲಿಯಂತಿತ್ತು. ಕಸ್ಟಮ್ಸಿನವನು ಕಂಟೇನರಿನ ಸೀಲು ಮುರಿದು ಬಾಗಿಲು ತೆರೆದು ಆಗಷ್ಟೇ ಹಿಂದೆ ಸರಿದಿದ್ದ. ಹನ್ನೊಂದು ದಿನ ಒಳಗೇ ಕುದಿದ ಗಾಳಿ ಮುಖಕ್ಕೆ ರಾಚಿತು. ರಬ್ಬರು, ತುಕ್ಕು, ಹುಳ ಸಾಯಲೆಂದು ಹಾಕಿದ್ದ ಹೊಗೆಮದ್ದು. ಇವೆಲ್ಲದರ ಅಡಿಯಿಂದ ತಣ್ಣಗೆ ಇನ್ನೊಂದು ವಾಸನೆ ಎದ್ದು ಬಂತು. ಮೊಸೊಓಯಿ ಹೂವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಅಕ್ಕ ಲುಸೀಯಾ ತಲೆಗೆ ಹಚ್ಚುತ್ತಿದ್ದ ಎಣ್ಣೆ.

ಕಾರು ಲುಸೀಯಾಳದೇ. ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಬಟ್ಟೆ ಒಗೆದು, ಜಪಾನಿನಿಂದ ಬಂದಿದ್ದ ಈ ಹಳೆಯ ನೀಲಿ ಕಾರನ್ನು ಕೊಂಡಿದ್ದಳು. ಅವಳಿಗೆ ಓಡಿಸಲು ಬರುತ್ತಿರಲಿಲ್ಲ. ತಮ್ಮ ಕಲೆಪೊ ಓಡಿಸುತ್ತಿದ್ದ, ಅವಳು ಹಿಂದಿನ ಸೀಟಿನ ಎಡಗಡೆ ಬೆಲ್ಟು ಹಾಕಿಕೊಂಡು ರಾಣಿಯ ಹಾಗೆ ಕೂರುತ್ತಿದ್ದಳು. ಈಗ ಅವಳಿಲ್ಲ. ಕಾರು ಬಂದಿದೆ.

ತೋಫಿಗ ಕಾರನ್ನು ನೋಡುತ್ತಿರಲಿಲ್ಲ. ಕಾರಿನ ಹಿಂದೆ ಕಂಟೇನರಿನಲ್ಲಿ ಖಾಲಿ ಉಳಿದಿದ್ದ ಜಾಗ ನೋಡುತ್ತಿದ್ದರು. ಒಳಗೆ ಹೋಗಿ ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆಯಲ್ಲಿ ಅಳೆದರು.

“ಅಡ್ಡಡ್ಡ ಇಟ್ಟಿದ್ರೆ ಹಿಡೀತಿತ್ತು,” ಎಂದರು.

“ಹೆಣ ಬರೋದು ವಿಮಾನದಲ್ಲಿ ದೊಡ್ಡಪ್ಪ. ಹಡಗಲ್ಲಿ ಅಲ್ಲ.”

“ಬಂತಾ?”

ಕಲೆಪೊ ಬ್ಯಾಟರಿಯ ತಂತಿ ಕೂಡಿಸುವ ನೆವದಲ್ಲಿ ಬಾನೆಟ್ಟಿನ ಕೆಳಗೆ ತಲೆ ಹಾಕಿದ.

“ಅವಳೇ ಹೇಳಿದ್ಲಾ, ನನ್ನ ಅಲ್ಲೇ ಮಣ್ಣು ಮಾಡು ಅಂತ?” ತೋಫಿಗ ಬಿಡಲಿಲ್ಲ. “ಫೇತು ಅಂಗಳದಲ್ಲಿ ಅಜ್ಜಿ ಗೋರಿ ಪಕ್ಕ ಜಾಗ ಗುಡಿಸಿ ಕಾಯ್ತಿದ್ಲು. ಕೊನೇಗೆ ಏನಾದ್ರೂ ಅಂದ್ಲಾ ಲುಸೀಯಾ?”

“ಏನೂ ಅನ್ಲಿಲ್ಲ. ನಿದ್ದೆಯಲ್ಲೇ ಹೋದ್ಲು.”

“ನೋಡು. ಅಕ್ಕ ಅಂದ್ರೆ ತಮ್ಮನ ಕಣ್ಣಿನ ಪಾಪೆ ಅಂತಾರೆ ನಮ್ಮಲ್ಲಿ. ಅವಳ ಬಾಯಿಂದ ಒಂದು ಮಾತು ಬಿದ್ದಿದ್ರೆ ಅದಕ್ಕೆ ಮದ್ದಿಲ್ಲ.”

“ನನ್ನ ಕಣ್ಣು ಚೆನ್ನಾಗಿದೆ ದೊಡ್ಡಪ್ಪ. ಪರೀಕ್ಷೆ ಮಾಡಿಸಿಯೇ ಲೈಸೆನ್ಸು ಕೊಟ್ಟಿದ್ದಾರೆ. ಬನ್ನಿ, ಎಸಿ ಹಾಕ್ತೀನಿ, ತಣ್ಣಗೆ ಹೋಗೋಣ.”

ತೋಫಿಗ ಬೇಡವೆಂದು ತಲೆಯಾಡಿಸಿ ಬಸ್ಸು ನಿಲ್ದಾಣದ ಕಡೆ ನಡೆದರು.

ಆ ಮಾತು ಬಿದ್ದಿತ್ತು. ಕೇಳಿದವನು ಕಲೆಪೊ ಒಬ್ಬನೇ. ಅಷ್ಟು ಹೊತ್ತಿಗೆ ಕಾರಿನ ಕಾಗದವೆಲ್ಲ ಅವನ ಹೆಸರಿಗೆ ಆಗಿತ್ತು. ಆ ತಿಂಗಳು ದಾಟಿದರೆ ಕಾರಿಗೆ ವಯಸ್ಸು ಮೀರುತ್ತಿತ್ತು, ದ್ವೀಪದಲ್ಲಿ ಇಳಿಸಲು ಬಿಡುತ್ತಿರಲಿಲ್ಲ. ಹೆಣ ಒಯ್ಯುವ ಅಪ್ಪಣೆ ಕೈಗೆ ಬರಲು ಮೂರು ವಾರ ಆಕ್ಲೆಂಡಿನಲ್ಲೇ ಕೂರಬೇಕಿತ್ತು. ಅವನು ಕಾರನ್ನು ಆರಿಸಿಕೊಂಡ. ಮಂಗಳವಾರ ಅಕ್ಕನನ್ನು ಅಲ್ಲೇ ಮಣ್ಣು ಮಾಡಿದ, ಗುರುವಾರ ಕಾರನ್ನು ಹಡಗಿಗೆ ಹತ್ತಿಸಿದ. ಲುಸೀಯಾಗೆ ಅದು ಮೊದಲೇ ತಿಳಿದಿತ್ತು. ಹಾಸಿಗೆಯಿಂದ ಅವನ ಮಣಿಕಟ್ಟು ಹಿಡಿದು ಹೇಳಿದ್ದಳು: “ನನ್ನ ಇಲ್ಲಿ ಬಿಟ್ಟು ನನ್ನ ಕಾರಲ್ಲಿ ಊರಿಗೆ ಹೋದ್ರೆ, ಕಲೆಪೊ, ಊರು ನಿನ್ನ ಕಣ್ಣಿಗೆ ಬೀಳದೆ ಹೋಗ್ಲಿ.”

ಜ್ವರದ ಮಾತು ಅಂದುಕೊಂಡಿದ್ದ. ಈಗಲೂ ಹಾಗೇ ಅಂದುಕೊಂಡು ಕೀಲಿ ತಿರುಗಿಸಿದ. ಎಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು.

ಬೆಟ್ಟದ ರಸ್ತೆಯಲ್ಲಿ ಮಂಜು ಕವಿದಿತ್ತು. ಆಚೆ ಬದಿಗೆ ಇಳಿಯುತ್ತಿದ್ದಂತೆ ದಕ್ಷಿಣದ ಕಡಲು ಕಂಡಿತು. ಹೊಗೆಯಾಡುವ ಅಡುಗೆ ಗುಂಡಿಗಳಿಂದ ಸುಟ್ಟ ಕೆಸುವಿನ ಗಡ್ಡೆಯ ವಾಸನೆ ಬಂತು. ಕಲೆಪೊ ಕಿಟಕಿ ಇಳಿಸಿ ಶಿಳ್ಳೆ ಹಾಕಿದ. ತನ್ನ ಊರು ಉಲುವಾಯ್ ಇನ್ನು ಹತ್ತು ನಿಮಿಷ. ಹೆಂಡತಿ ರೂತಾ ಮೂರು ವರ್ಷದ ಮಗ ಸೀಮಿಯನ್ನು ಕರೆದುಕೊಂಡು ಒಂದು ವಾರ ಮೊದಲೇ ಬಂದು ಮನೆ ಸೇರಿದ್ದಳು. ಮತಾಫಗ ಊರು ದಾಟಿತು. ಸೇತುವೆ ದಾಟಿತು. ಇನ್ನು ತಿರುವಿನಲ್ಲಿ ಎರಡು ಗೋಪುರದ ಬಿಳಿ ಚರ್ಚು, ಎದುರಿಗೆ ಊರ ಬಯಲು, ಬಯಲಿನಾಚೆ ಮನೆ.

ಹಿಂದಿನ ಸೀಟಿನಲ್ಲಿ ಟಕ್ ಎಂದು ಬೆಲ್ಟು ಬಿಗಿದ ಸದ್ದಾಯಿತು.

ಅವನು ಕನ್ನಡಿ ನೋಡಿದ. ಸೀಟು ಖಾಲಿ. ತಿರುವು ಬಂತು. ಚರ್ಚು ಬರಲಿಲ್ಲ.

ಎರಡೂ ಕಡೆ ತೆಂಗಿನ ಮರ. ಹಸಿರು ಹುಲ್ಲು. ಎಡಕ್ಕೆ ಕಡಲು. ರಸ್ತೆ ನೆಟ್ಟಗೆ ಓಡಿತು. ಒಂದು ಬೇಲಿಯಿಲ್ಲ, ಒಂದು ಕೋಳಿಯಿಲ್ಲ. ಐದು ನಿಮಿಷಕ್ಕೆ ಮುಂದಿನ ಊರು ಲೋತೊಪೂವಿನ ಬೋರ್ಡು ಎದುರಾಯಿತು. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಚ್ಚಿದ ಸದ್ದು.

ಊರು ಬಿಟ್ಟು ಹತ್ತೊಂಬತ್ತು ವರ್ಷವಾಯಿತಲ್ಲ, ಹೊಸ ರಸ್ತೆ ಹಾಕಿರಬೇಕು ಎಂದುಕೊಂಡು ಕಾರು ತಿರುಗಿಸಿದ. ತೆಂಗು, ಹುಲ್ಲು, ಕಡಲು. ಸೇತುವೆ. ಮತಾಫಗ. ಮತ್ತೆ ತಿರುಗಿಸಿದ. ಎರಡನೆಯ ಸಲ ಲೋತೊಪೂ ಮುಟ್ಟಿದಾಗ ಫೋನು ಬಡಿದುಕೊಂಡಿತು.

“ಇದೇನು ಆಟ ಕಲೆಪೊ?” ರೂತಾಳ ದನಿಯಲ್ಲಿ ನಗುವಿತ್ತು. “ಮೂರು ಸಲ ಮನೆ ಮುಂದೆ ಹೋದೆ. ಹೊಸ ಕಾರು ಮೆರವಣಿಗೆ ಮಾಡ್ತಿದೀಯಾ? ಊರವರೆಲ್ಲ ಕೈ ಬೀಸ್ತಿದ್ದಾರೆ, ತಿರುಗಿಯೂ ನೋಡ್ತಿಲ್ಲ ನೀನು.”

“ಯಾವ ಮನೆ ಮುಂದೆ?”

“ನಿಮ್ಮನೆ ಮುಂದೆ. ಎಷ್ಟು ಮನೆ ಇದೆ ನಿಂಗೆ?”

ಅವನು ಕಾರು ತಿರುಗಿಸಿದ. “ಬಯಲಲ್ಲಿ ನಿಂತಿರು. ಫೋನು ಇಡಬೇಡ. ಬಂದೆ.”

ಹೊತ್ತು ಇಳಿಯುತ್ತಿತ್ತು. ತೆಂಗಿನ ನೆರಳು ರಸ್ತೆಗೆ ಅಡ್ಡ ಬಿದ್ದು ಕಾರಿನ ಗಾಜಿನ ಮೇಲೆ ಒಂದೊಂದಾಗಿ ಹಾಯುತ್ತಿತ್ತು. ಸಂಜೆಯ ಪ್ರಾರ್ಥನೆಗೆ ಊರೂರಲ್ಲಿ ಶಂಖ ಊದುವ ಸಮಯ. ಲೋತೊಪೂವಿನ ಶಂಖ ಹಿಂದಿನಿಂದ ಕೇಳಿತು. ಮತಾಫಗದ್ದು ಮುಂದಿನಿಂದ ಕೇಳಿತು. ನಡುವೆ ನಿಶ್ಶಬ್ದ. ಬೆಲ್ಟು ಟಕ್ ಎಂದಿತು. ಎಣ್ಣೆಯ ವಾಸನೆ ದಟ್ಟವಾಗಿ ಕುತ್ತಿಗೆಯ ಹಿಂದೆ ಉಸಿರಾಡಿತು. ಕೂದಲಿಗೆ ಬಾಚಣಿಗೆ ಎಳೆದ ಸದ್ದು. ನಿಧಾನ. ಮತ್ತೊಮ್ಮೆ. ಅವನು ಕನ್ನಡಿ ನೋಡಲಿಲ್ಲ. ಕಾಲು ತಾನಾಗಿ ಕೆಳಗೊತ್ತಿತು. ಅರವತ್ತು. ಎಪ್ಪತ್ತು. ಫೋನಿನಲ್ಲಿ ರೂತಾ ಏನೋ ಅನ್ನುತ್ತಿದ್ದಳು, ಶಬ್ದ ಹರಿದು ಹರಿದು ಬರುತ್ತಿತ್ತು. ರಸ್ತೆ ಖಾಲಿ. ಪೂರ್ತಿ ಖಾಲಿ. ದಡ್ ಎಂದಿತು. ಚಕ್ರ ಏನನ್ನೋ ಹತ್ತಿ ಇಳಿಯಿತು. ಸ್ಟಿಯರಿಂಗು ಕೈಯಲ್ಲಿ ಜಿಗಿಯಿತು. ಹಿಂತಿರುಗಿ ನೋಡಿದರೆ ಡಾಂಬರಿನ ಮೇಲೆ ಏನೂ ಇಲ್ಲ.

ಫೋನಿನೊಳಗೆ ರೂತಾ ಕಿರುಚುತ್ತಿದ್ದಳು.

ಸೇತುವೆಯ ಬಳಿ ನಿಲ್ಲಿಸಿ ಇಳಿದ. ಬಂಪರಿನಲ್ಲಿ ರಕ್ತವಿತ್ತು. ಬೆರಳಲ್ಲಿ ಮುಟ್ಟಿದ. ಬಿಸಿಯಾಗಿತ್ತು. ಗಿಡ್ಡ, ಒರಟು, ಕಪ್ಪು ಕೂದಲು ಅಂಟಿತ್ತು.

“ಹಂದಿಮರಿ,” ರೂತಾ ಅಳುತ್ತ ಹೇಳಿದಳು. “ಹಂದಿಮರಿ ಮೇಲೆ ಹೋಯ್ತು. ಸೀಮಿ ಅದರ ಹಿಂದೆ ಓಡ್ತಿದ್ದ. ಒಂದು ಮಾರು, ಕಲೆಪೊ, ಒಂದೇ ಮಾರು. ನಾನು ರಸ್ತೆ ಅಂಚಲ್ಲಿ ನಿಂತು ಕೂಗ್ತಿದ್ದೆ. ನನ್ನ ಮುಖ ನೋಡ್ಕೊಂಡೇ ಬಂದೆ ನೀನು.”

ಆ ಸಂಜೆ ಅವನು ಮತ್ತೆ ಕಾರು ಮುಟ್ಟಲಿಲ್ಲ, ಅಲ್ಲೇ ಬಿಟ್ಟ. ಮತಾಫಗದಲ್ಲಿ ಪರಿಚಯದವರ ಮನೆಯ ಜಗಲಿಯಲ್ಲಿ ಮಲಗಿದ. ಬೆಳಗಾಗುತ್ತಲೇ, ಕಾರು ತಾನೇ ಕೆಟ್ಟಿರೋದು, ಬಸ್ಸಲ್ಲಿ ಹೋದರಾಯಿತು ಎಂದು ಎದ್ದ.

ಮರದ ಮೈಯ ಬಸ್ಸು ಹಾಡು ಕೂಗಿಸಿಕೊಂಡು ಬಂತು. ಜನ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರು. ಅವನ ಪಕ್ಕದಲ್ಲಿ ಬುಟ್ಟಿ ತುಂಬ ದೀವಿಹಲಸು ಇಟ್ಟುಕೊಂಡ ಮುದುಕಿ. ಸೇತುವೆ ದಾಟಿ ತಿರುವು ಕಳೆಯಿತು. ಮುದುಕಿ ಸೂರಿನ ಗಂಟೆಯ ಹಗ್ಗ ಎಳೆದಳು. ಬಸ್ಸು ತೆಂಗಿನ ತೋಪಿನ ನಡುವೆ ನಿಂತಿತು.

“ಇಲ್ಲಿ ಇಳೀತೀರಾ ಅಜ್ಜಿ? ಇಲ್ಲಿ ಏನಿದೆ?”

“ಏನಿದೆ ಅಂದ್ರೆ? ನಮ್ಮನೆ ಇದೆ. ನೀನು ತೋಫಿಗನ ಕಡೆ ಹುಡುಗ ಅಲ್ವಾ? ನೀನೂ ಇಳಿ.”

ಅವಳು ಇಳಿದಳು. ಹುಲ್ಲಿನ ಮೇಲೆ ಒಂದು ಹೆಜ್ಜೆ ಇಟ್ಟಳು. ಎರಡನೆಯ ಹೆಜ್ಜೆಗೆ ಅವಳಿರಲಿಲ್ಲ. ಬುಟ್ಟಿಯೂ ಇರಲಿಲ್ಲ. ಅವಳ ಹಿಂದೆ ಇಳಿದ ಶಾಲೆಯ ಹುಡುಗಿಯರಿಬ್ಬರು ನಗುತ್ತ ನಗುತ್ತ ಗಾಳಿಯೊಳಕ್ಕೆ ನಡೆದು ಹೋದರು. ನಗು ಕತ್ತರಿಸಿದಂತೆ ನಿಂತಿತು. ಬಸ್ಸಿನವರೆಲ್ಲ ಕಿಟಕಿಯಾಚೆ ಯಾರಿಗೋ ಕೈ ಬೀಸಿದರು. ಕಲೆಪೊ ಸೀಟಿನ ಸರಳು ಹಿಡಿದು ಕೂತೇ ಇದ್ದ.

ಲೋತೊಪೂವಿನಲ್ಲಿ ಇಳಿದು ಮರಳಿನಂಚಿಗೇ ನಡೆದ. ಎರಡು ತಾಸು ನಡೆದು ಮತಾಫಗದ ಸೇತುವೆ ಮುಟ್ಟಿದ. ಅಲ್ಲಿ ಕಾರಿನ ಹತ್ತಿರ ತೋಫಿಗ ಕಾಯುತ್ತಿದ್ದರು.

“ನಾನು ಜೊತೆಗೆ ಬರ್ತೀನಿ, ನಡಿ,” ಎಂದರು. “ನನ್ನ ಕೈ ಹಿಡ್ಕೊ. ಒಂದು ಕೈಯಲ್ಲಿ ಓಡ್ಸು. ಎತ್ತಿನ ಗಾಡಿ ಥರ ನಿಧಾನ.”

ಮುದುಕರ ಕೈ ಒರಟಾಗಿ, ಬೆಚ್ಚಗಿತ್ತು. ಹಿಡಿದುಕೊಂಡ. ಕಾರು ತೆವಳಿತು. ತೋಫಿಗ ಮಾತಾಡುತ್ತಲೇ ಇದ್ದರು. “ಇದು ಸೇತುವೆ. ಕಂಡಿತಾ? ಇದು ಗೇರು ಮರ. ಈಗ ತಿರುವು. ಈಗ…”

ಟಕ್.

ಅವನ ಅಂಗೈಯಲ್ಲಿ ಏನೂ ಇರಲಿಲ್ಲ. ಪಕ್ಕದ ಸೀಟು ಖಾಲಿ. ಬೆರಳುಗಳು ಹಿಡಿದ ಆಕಾರದಲ್ಲೇ ಬಾಗಿದ್ದವು. ತೆಂಗು. ಹುಲ್ಲು. ಕಡಲು. ಅವನು ಬ್ರೇಕು ಒತ್ತಿ, ಸ್ಟಿಯರಿಂಗಿಗೆ ಹಣೆ ಕೊಟ್ಟು, ಮಗುವಿನ ಹಾಗೆ ಅತ್ತ.

ಸ್ವಲ್ಪ ಹೊತ್ತಿಗೆ ಫೋನು ಬಂತು. ತೋಫಿಗ.

“ನಾನು ನಿನ್ನ ಪಕ್ಕದಲ್ಲೇ ಇದ್ದೆ,” ಎಂದರು. ಅವರ ಉಸಿರು ಏರಿತ್ತು. “ಕಾರು ನಿಲ್ಲಿಸಿ ನನ್ನ ಕೈ ಕೊಡವಿಬಿಟ್ಟೆ. ನಿನ್ನ ಕಣ್ಣು ಸಂತೆಯಲ್ಲಿಟ್ಟ ಮೀನಿನ ಕಣ್ಣಿನ ಹಾಗಿತ್ತು. ಇಳಿದು ಹೊರಗೆ ನಿಂತು ಈಗಲೂ ನೋಡ್ತಾ ಇದ್ದೀನಿ. ನೀನಿರೋದು ಚರ್ಚಿನ ಮುಂದೆ. ಇಪ್ಪತ್ತು ಜನ ಕಾರಿನ ಸುತ್ತ ನಿಂತಿದ್ದಾರೆ. ರೂತಾ ಗಾಜು ಬಡೀತಿದ್ದಾಳೆ. ಕೇಳಿಸ್ತಿಲ್ವಾ?”

ಕಲೆಪೊ ಗಾಜಿನಾಚೆ ನೋಡಿದ. ಗಾಳಿಗೆ ಹುಲ್ಲು ಬಾಗುತ್ತಿತ್ತು.

“ಇಲ್ಲ ದೊಡ್ಡಪ್ಪ.”

“ಲುಸೀಯಾ ಏನಂದ್ಲು ಕೊನೇಗೆ?”

ಅವನು ಹೇಳಿದ.

“ದೆವ್ವ ಹಿಡಿದಿದ್ರೆ ಎಣ್ಣೆ, ಸೊಪ್ಪು, ಮಂತ್ರ ಏನಾದ್ರೂ ಇತ್ತು,” ಎಂದರು ತೋಫಿಗ. “ಇದು ಮಾತು. ಆಡಿದವಳೇ ಹಿಂದಕ್ಕೆ ತಗೋಬೇಕು. ಅವಳಿಲ್ಲ. ಅವಳ ಹೊಟ್ಟೇಲಿ ಹುಟ್ಟಿದವಳು ಇದ್ದಾಳೆ. ನಾಳೆ ಬೆಳಕು ಹರಿಯೋ ಮೊದಲು ಬಂದು ನಮ್ಮ ಬಯಲಲ್ಲಿ ಮೊಣಕಾಲೂರು. ತಲೆ ಮೇಲೆ ಮನೆತನದ ಚಾಪೆ ಹೊದ್ದುಕೊ. ಕೈಯಲ್ಲಿ ಏನೂ ಇರಬಾರ್ದು, ಫೋನೂ ಬೇಡ. ಮಾಡಿದ್ದನ್ನ ಬಾಯಿಬಿಟ್ಟು ಹೇಳು. ಫೇತುಗೆ ಮನಸ್ಸು ಬಂದ್ರೆ ಚಾಪೆ ಎತ್ತಿ, ಬಾಯಿ ತುಂಬ ನೀರು ತಗೊಂಡು, ಮುಕ್ಕಳಿಸಿ ನಿನ್ನ ಮೇಲೆ ಉಗುಳ್ತಾಳೆ. ಅಲ್ಲಿಗೆ ತಾಯಿಯ ಮಾತು ತೊಳೆದು ಹೋಯ್ತು.”

“ಬಯಲು ಎಲ್ಲಿದೆ ಅಂತ ಹೇಗೆ ಗೊತ್ತಾಗ್ಬೇಕು ನಂಗೆ?”

“ನಿನ್ನ ಕಾರಲ್ಲಿ ಮೀಟರಿದೆಯಲ್ಲ. ಸೇತುವೆಯಿಂದ ಎರಡು ಕಿಲೋಮೀಟರು. ನಿಲ್ಸು. ಬಲಕ್ಕೆ ಇಳಿದು ಮೂವತ್ತು ಹೆಜ್ಜೆ.”

ಚಾಪೆಯನ್ನು ಸಂಜೆ ಬಸ್ಸಿನವನ ಕೈಯಲ್ಲಿ ಕಳಿಸಿದರು. ರೇಷ್ಮೆಯಷ್ಟು ನಯ, ಅಂಚಿಗೆ ಕೆಂಪು ಗರಿ, ಅಜ್ಜಿಯ ಅಜ್ಜಿ ಹೆಣೆದದ್ದು.

ಮರುದಿನ ನಸುಕಿನಲ್ಲಿ ಮೀಟರು ನೋಡುತ್ತ ಹೋದ. ಬೆಲ್ಟಿನ ಸದ್ದಾಯಿತು. ಹೆದರಲಿಲ್ಲ. “ಬರ್ತಿದ್ದೀನಿ ಅಕ್ಕ,” ಎಂದ. ನಿಲ್ಲಿಸಿದ. ಫೋನನ್ನು ಸೀಟಿನ ಮೇಲಿಟ್ಟ. ಮೂವತ್ತು ಹೆಜ್ಜೆ ಎಣಿಸಿ ಇಬ್ಬನಿಯ ಹುಲ್ಲಿನಲ್ಲಿ ಮೊಣಕಾಲೂರಿ ಚಾಪೆ ಹೊದ್ದ.

ಅವನಿಗೆ ಕಂಡದ್ದು ಅಷ್ಟೇ. ಚಾಪೆಯ ಎಳೆಗಳ ನಡುವೆ ಬೆಳ್ಳಗಾಗುವ ಬೆಳಕು, ಹುಲ್ಲಿನ ವಾಸನೆ, ಅಲೆಯ ಸದ್ದು.

ಊರಿಗೆ ಕಂಡದ್ದು ಬೇರೆ. ಆ ಹೊತ್ತಿಗೆ ಇಡೀ ಉಲುವಾಯ್ ಬಯಲಿನ ಸುತ್ತ ಕೂತಿತ್ತು. ನಡುವೆ ಚಾಪೆಯ ಕೆಳಗೆ ಕಲೆಪೊ, ರಸ್ತೆಯಲ್ಲಿ ಬಾಗಿಲು ತೆರೆದು ನಿಂತ ನೀಲಿ ಕಾರು. ಸೂರ್ಯ ಚರ್ಚಿನ ಗೋಪುರ ದಾಟಿದ. ಚಾಪೆ ಬೆವರಿಗೆ ಅವನ ಬೆನ್ನಿಗಂಟಿತು. ಅವನು ಅಲುಗಲಿಲ್ಲ.

ಬಿಸಿಲು ನೆತ್ತಿಗೇರುವಾಗ ಫೇತು ಮನೆಯಿಂದ ಹೊರಬಂದಳು. ಇಪ್ಪತ್ತೆರಡರ ಹುಡುಗಿ, ತಾಯಿಯ ಹಾಗೇ ಅಗಲ ಹಣೆ. ಕೈಯಲ್ಲಿ ತೆಂಗಿನ ಚಿಪ್ಪಿನ ತುಂಬ ನೀರು. ಕ್ಷಮಿಸಲೆಂದೇ ಬಂದಿದ್ದಳು. ಹಿಂದಿನ ಸಂಜೆ ರೂತಾ ಸೀಮಿಯನ್ನು ಅವಳ ಮಡಿಲಲ್ಲಿ ಕೂರಿಸಿ, “ಇವನ ಮುಖ ನೋಡು,” ಎಂದಿದ್ದಳು. ಫೇತು ಹೂಂ ಅಂದಿದ್ದಳು.

ಅವಳು ಚಾಪೆಯ ಮುಂದೆ ಕೂತು ಚಿಪ್ಪನ್ನು ತುಟಿಗೆತ್ತಿ ಬಾಯಿ ತುಂಬ ನೀರು ತುಂಬಿಕೊಂಡಳು. ಒಂದು ಕೈ ಚಾಪೆಯ ಅಂಚು ಹಿಡಿದಿತ್ತು. ಆಗಲೇ ಚಾಪೆಯ ಕೆಳಗಿನಿಂದ ಕಲೆಪೊ ಮಾತಾಡತೊಡಗಿದ. ಎದುರಿಗೆ ಅವಳಿರುವುದು ಅವನಿಗೆ ಗೊತ್ತಿರಲಿಲ್ಲ.

“ಫೇತು, ನೀನು ಇದ್ದೀಯೋ ಇಲ್ವೋ. ಹೇಳಿಬಿಡ್ತೀನಿ. ಊರಿಗೆ ಕರ್ಕೊಂಡು ಹೋಗು ಅಂತ ನಿಮ್ಮಮ್ಮ ಮೂರು ಸಲ ಕೇಳಿದ್ಲು. ಮೂರು ಸಲಾನೂ ಆಯ್ತು ಅಂದೆ. ಅಲ್ಲೇ ಮಣ್ಣು ಮಾಡು ಅಂದ್ಲು ಅಂತ ನಾನು ಸುಳ್ಳು ಹೇಳ್ದೆ.”

ಫೇತು ಕಣ್ಣು ಮುಚ್ಚಿದಳು. ಅಷ್ಟನ್ನು ಅವಳು ಆಗಲೇ ಊಹಿಸಿದ್ದಳು. ಕೆನ್ನೆ ಉಬ್ಬಿಸಿಕೊಂಡು ಹಾಗೇ ಕೂತಳು.

“ಇನ್ನೊಂದಿದೆ. ಅದು ಯಾರಿಗೂ ಗೊತ್ತಿಲ್ಲ,” ಅವನು ಬಿಕ್ಕಿದ. “ಕೊನೇ ಎರಡು ದಿನ ಅವಳು ನಿನ್ನೇ ಕೇಳ್ತಿದ್ಲು. ಫೇತು ಜೊತೆ ಮಾತಾಡ್ಬೇಕು, ಫೋನು ಹಚ್ಚು, ಅಂತ. ಫೋನು ನನ್ನ ಜೇಬಲ್ಲೇ ಇತ್ತು. ಹಚ್ಚಿದ್ರೆ ಅವಳು ನಿಂಗೆ ಎಲ್ಲಾ ಹೇಳ್ತಾಳೆ, ನೀನು ಅಮ್ಮನ್ನ ತಾ ಅಂತ ಹಟ ಹಿಡೀತೀಯ, ಕಾರು ಅಲ್ಲೇ ಉಳಿಯತ್ತೆ, ಅಂತ ಹಚ್ಚಲಿಲ್ಲ. ಸಿಗ್ನಲ್ ಇಲ್ಲ ಅಕ್ಕ ಅಂದೆ. ಎರಡು ದಿನ ಅದೇ ಅಂದೆ. ಕೊನೇಗೆ ಅವಳು ಫೋನು ಬೇಡ ಅಂತ ನಿನ್ನ ಹೆಸರು ಹಿಡಿದು ಕೂಗ್ತಿದ್ಲು. ಕಿಟಕಿ ಕಡೆ ತಿರುಗಿ. ಜೋರಾಗಿ ಕೂಗಿದ್ರೆ ಇಲ್ಲಿಗೆ ಕೇಳಿಸತ್ತೆ ಅನ್ನೋ ಹಾಗೆ.”

ರೂತಾ ಬಾಯಿಗೆ ಕೈ ಅಡ್ಡ ಹಿಡಿದಳು.

ಫೇತು ಕಣ್ಣು ತೆರೆದಳು. ಬಹಳ ಹೊತ್ತು ಚಾಪೆಯನ್ನೇ ನೋಡಿದಳು. ಅವಳ ಗಂಟಲು ಒಮ್ಮೆ ಏರಿ ಇಳಿಯಿತು. ಮತ್ತೊಮ್ಮೆ ಏರಿ ಇಳಿಯಿತು.

ನೀರನ್ನು ನುಂಗಿಬಿಟ್ಟಿದ್ದಳು.

“ಫೇತು,” ಎಂದರು ತೋಫಿಗ ಮೆಲ್ಲಗೆ.

ಅವಳು ಎದ್ದಳು. ಚಿಪ್ಪಿನಲ್ಲಿ ಉಳಿದ ನೀರನ್ನು ಹುಲ್ಲಿಗೆ ಚೆಲ್ಲಿದಳು. ಚಾಪೆಯನ್ನು ಅವನ ತಲೆಯಿಂದ ಎಳೆದು, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಮನೆಯೊಳಗೆ ಹೋದಳು.

ಕಲೆಪೊ ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಲೆಯೆತ್ತಿದ. ಸುತ್ತ ನೋಡಿದ. ಅವನ ದೃಷ್ಟಿ ತೋಫಿಗರ ಮುಖದ ಮೇಲೆ ಹಾದು ಹೋಯಿತು. ಇಪ್ಪತ್ತು, ಮೂವತ್ತು ಮುಖಗಳ ಮೇಲೆ ಹಾದು ಹೋಯಿತು. ಚಾಪೆಗಾಗಿ ಹುಲ್ಲಿನಲ್ಲಿ ತಡಕಾಡಿದ. ಕಡಲ ಕಡೆ ನೋಡಿದ, ಗಾಳಿ ಹಾರಿಸಿಕೊಂಡು ಹೋಯಿತೋ ಎನ್ನುವಂತೆ. ಮೊಣಕಾಲು ಒರೆಸಿಕೊಂಡು ಎದ್ದ.

ರೂತಾ ಓಡಿ ಬಂದು ಅವನ ಅಂಗಿ ಹಿಡಿದುಕೊಂಡಳು. “ಕಲೆಪೊ. ಇಲ್ಲಿದ್ದೀನಿ. ಇಲ್ಲಿ ನೋಡು, ಇಲ್ಲಿ.” ಅವನು ಮುಳ್ಳಿಗೆ ಬಟ್ಟೆ ಸಿಕ್ಕಿದವನ ಹಾಗೆ ಮೈ ಜಾಡಿಸಿದ. ಎದೆಯ ಗುಂಡಿಯೊಂದು ಕಿತ್ತು ಅವಳ ಕೈಗೆ ಬಂತು. ಅವನು ಬಾಗಿ ಅವಳ ಪಾದಗಳ ನಡುವೆಯೇ ಆ ಗುಂಡಿ ಹುಡುಕಿದ. ಸಿಗದೆ, ಕಾರಿನ ಕಡೆ ನಡೆದ.

ತೋಫಿಗ ರಸ್ತೆಯಲ್ಲಿದ್ದ ಮಕ್ಕಳನ್ನೆಲ್ಲ ಆಚೆ ಎಳೆದರು. ಎಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು. ಕಾರು ಲೋತೊಪೂ ಕಡೆ ಹೋಯಿತು.

ರೂತಾ ಅಲ್ಲೇ ನಿಂತು ಫೋನು ಹಚ್ಚಿದಳು. ಎರಡು ಸಲ ಬಡಿದುಕೊಂಡ ಮೇಲೆ ಅವನು ಎತ್ತಿದ.

“ಮಧ್ಯಾಹ್ನದವರೆಗೆ ಕಾದೆ ರೂತಾ,” ಎಂದ. ದನಿ ದಣಿದಿತ್ತು, ಆದರೆ ಇನ್ನೂ ಆಸೆಯಿತ್ತು. “ಎಲ್ಲಾ ಹೇಳ್ದೆ. ಒಂದೂ ಮುಚ್ಚಿಡ್ಲಿಲ್ಲ. ಫೇತು ಬರಲೇ ಇಲ್ಲ. ನಾಳೆ ಬರ್ತಾಳಾ, ಕೇಳು ಅವಳನ್ನ.”

ರೂತಾ ಮನೆಯ ಕಡೆ ತಿರುಗಿದಳು. ಒಳಗೆ ಫೇತು ಚಾಪೆಯನ್ನು ಹರವಿ, ಅದಕ್ಕಂಟಿದ ಹುಲ್ಲನ್ನು ಒಂದೊಂದಾಗಿ ಆರಿಸುತ್ತ ಕೂತಿದ್ದಳು.

“ಕೇಳ್ತೀನಿ,” ಎಂದಳು ರೂತಾ. ಗುಂಡಿ ಅವಳ ಮುಷ್ಟಿಯಲ್ಲೇ ಇತ್ತು.